ಚುನಾವಣೆ ಬಂದಾಗ ಟ್ರಸ್ಟ್, ಸಂಘಗಳು 12ಎಬಿ, 80ಜಿ ಉಳಿಸಿಕೊಳ್ಳುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ದಾವಣಗೆರೆಯಲ್ಲಿ ಸಣ್ಣ ಟ್ರಸ್ಟು, ಸಂಘಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಚುನಾವಣೆ ನಡೆದ ವರ್ಷ ಆಡಿಟ್ ಸಮಯ ಬಂತೆಂದರೆ ಒಂದೇ ಥರದ ವೋಚರುಗಳು ಮೇಜಿನ ಮೇಲೆ ಬೀಳುತ್ತವೆ. ‘ಪೆಂಡಾಲ್ ಬಾಡಿಗೆ, ಜಾಗೃತಿ ಕಾರ್ಯಕ್ರಮ’ ಎಂದು ಬರೆದಿರುತ್ತಾರೆ. ಜೊತೆಗೆ ಪಿನ್ ಮಾಡಿದ ಫೋಟೋದಲ್ಲಿ ಅದೇ ಪೆಂಡಾಲಿನ ನೆತ್ತಿಯ ಮೇಲೆ ಅಭ್ಯರ್ಥಿ ಕೈಮುಗಿದು ನಗುತ್ತಿರುತ್ತಾರೆ. ‘ಇದು ರಾಜಕೀಯ ಅಲ್ಲ ಸಾರ್, ನೀರಿನ ಹೋರಾಟ’ ಎನ್ನುತ್ತಾರೆ ಕಾರ್ಯದರ್ಶಿಗಳು. ಅರ್ಧ ನಿಜ. ಉಳಿದ ಅರ್ಧಕ್ಕೇ ಆದಾಯ ತೆರಿಗೆ ಇಲಾಖೆಯ ನೋಟಿಸ್ ಬರುವುದು, ಸಂಸ್ಥೆಯ ತೆರಿಗೆ ವಿನಾಯಿತಿ (12ಎಬಿ), ದಾನಿಗಳ ರಿಯಾಯಿತಿ (80ಜಿ) ಎರಡೂ ಅಪಾಯಕ್ಕೆ ಬೀಳುವುದು.

ಇನ್ನೊಂದು ಥರದವರೂ ಇದ್ದಾರೆ. ಟ್ರಸ್ಟಿಗೆ ತೊಂದರೆ ಆದೀತು ಎಂದು ಭದ್ರಾ ಮೇಲ್ದಂಡೆ ನೀರಾವರಿ ಯೋಜನೆ ಬಗ್ಗೆ ಡಿಸಿ ಕಚೇರಿಗೆ ಒಂದು ಮನವಿ ಕೊಡಲೂ ಹೆದರುವವರು. ಆ ಹೆದರಿಕೆಗೆ ಕಾರಣವೇ ಇಲ್ಲ. ಕೆಳಗಿನ ಹಂತಗಳು ಇಬ್ಬರಿಗೂ. ಕ್ರಮ ತಪ್ಪಿಸಬೇಡಿ. ಜಾಸ್ತಿ ಜನ ನೇರವಾಗಿ 3ನೇ ಹಂತಕ್ಕೆ ಹಾರಿ ಅಲ್ಲೇ ಜಾರುತ್ತಾರೆ.

ಮೊದಲು ಕೈಗೆ ಸಿಗಬೇಕಾದ ಕಾಗದಗಳು

ಟ್ರಸ್ಟ್ ಡೀಡ್ ಅಥವಾ ಬೈಲಾದ ಇತ್ತೀಚಿನ ಪ್ರತಿ. 12ಎಬಿ ಮತ್ತು 80ಜಿ ಆದೇಶಗಳು. ಮೂರು ವರ್ಷದ ಆಡಿಟ್ ವರದಿ. ಠರಾವು ಪುಸ್ತಕ. ಬ್ಯಾಂಕ್ ಸ್ಟೇಟ್‌ಮೆಂಟ್. ವಿದೇಶಿ ದೇಣಿಗೆ ಇದ್ದರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆ) ಪ್ರಮಾಣಪತ್ರ. ಇವುಗಳ ಜೊತೆ ಯಾರೂ ಮಾಡದ ಒಂದು ಪಟ್ಟಿ ಮಾಡಿ: ನಿಮ್ಮ ಪದಾಧಿಕಾರಿಗಳಲ್ಲಿ ಯಾರು ಯಾವ ಪಕ್ಷದಲ್ಲಿ ಏನು ಹುದ್ದೆಯಲ್ಲಿದ್ದಾರೆ ಎಂಬುದು. ಪಕ್ಷದಲ್ಲಿರುವುದು ತಪ್ಪಲ್ಲ. ಗೊತ್ತಿಲ್ಲದೆ ಇರುವುದು ತಪ್ಪು.

ಒಂದು ಸೂಚನೆ. ಇಲ್ಲಿ ಹೇಳುವ ಸೆಕ್ಷನ್ ನಂಬರುಗಳು ಎಲ್ಲರ ಬಾಯಲ್ಲಿರುವ 1961ರ ಆದಾಯ ತೆರಿಗೆ ಕಾಯಿದೆಯವು. 2025ರ ಹೊಸ ಕಾಯಿದೆ ಜಾರಿಗೆ ಬರುವ ದಿನ 2026ರ ಏಪ್ರಿಲ್ 1. ಅಲ್ಲಿ ನಂಬರುಗಳು ಬೇರೆ. ಅರ್ಜಿ ಹಾಕುವಾಗ ಹೊಸ ನಂಬರು ಯಾವುದೆಂದು ಆಡಿಟರ್ ಹತ್ತಿರ ಕೇಳಿಕೊಳ್ಳಿ.

ಹಂತ 1: ನಿಮ್ಮ ಸಂಸ್ಥೆಗೆ ಯಾವ ಯಾವ ಕಟ್ಟುಪಾಡು ಅನ್ವಯಿಸುತ್ತದೆ, ಪತ್ತೆ ಮಾಡಿ

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ ಟ್ರಸ್ಟ್, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಡಿಯ ಸಂಘ, ಸೆಕ್ಷನ್ 8 ಕಂಪನಿ (ಕಂಪನಿ ಕಾಯಿದೆಯಡಿ ನೋಂದಾಯಿಸಿದ, ಲಾಭ ಹಂಚಿಕೊಳ್ಳದ ಕಂಪನಿ): ಈ ಮೂರರಲ್ಲಿ ಒಂದಾಗಿರುತ್ತೀರಿ. ಆದರೆ ತೆರಿಗೆಗೆ ಮುಖ್ಯವಾದ ಪ್ರಶ್ನೆ ಬೇರೆ. ನಿಮಗೆ 12ಎಬಿ ಇದೆಯಾ? ಇದ್ದರೆ ನಿಮ್ಮ ಆದಾಯಕ್ಕೆ ತೆರಿಗೆ ವಿನಾಯಿತಿ. 80ಜಿ ಇದೆಯಾ? ಇದ್ದರೆ ದಾನಿಗಳಿಗೆ ರಿಯಾಯಿತಿ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಬರುತ್ತದೆಯಾ? ವಿದೇಶಿ ಹಣ? ಪ್ರತಿ ‘ಹೌದು’ಗೂ ಒಂದು ಬೇಲಿ ಹೆಚ್ಚುತ್ತದೆ.

ಯಾವ ನೋಂದಣಿಯೂ ಇಲ್ಲದ ಹೋರಾಟ ಸಮಿತಿಗೆ ಉಳಿಸಿಕೊಳ್ಳಬೇಕಾದ ವಿನಾಯಿತಿಯೇ ಇಲ್ಲ. ಅವರಿಗೆ ಚುನಾವಣಾ ಕಾನೂನು ಮಾತ್ರ ಲೆಕ್ಕ, 6ನೇ ಹಂತ ಓದಿದರೆ ಸಾಕು.

ಇಲ್ಲಿ ಆಗುವ ದೊಡ್ಡ ತಪ್ಪು ಇಂಟರ್ನೆಟ್ ನೋಡಿ ಬೈಲಾ ಬರೆಯುವುದು. ಅಮೆರಿಕದಲ್ಲಿ 501(ಸಿ)(3) ಎಂಬ ದತ್ತಿ ಸಂಸ್ಥೆಗಳಿಗೆ ಚುನಾವಣಾ ಪ್ರಚಾರ ಪೂರ್ತಿ ನಿಷಿದ್ಧ. ಕಾನೂನು ತಿದ್ದಲು ಒತ್ತಾಯಿಸುವುದಕ್ಕೆ ಒಂದು ಮಿತಿಯವರೆಗೆ ಅವಕಾಶ ಇದೆ. 501(ಸಿ)(4) ಎಂಬ ಇನ್ನೊಂದು ವರ್ಗಕ್ಕೆ ಸ್ವಲ್ಪ ಪ್ರಚಾರಕ್ಕೂ ಅವಕಾಶ ಇದೆ, ಆದರೆ ಅಲ್ಲಿಗೆ ಕೊಟ್ಟ ದಾನಕ್ಕೆ ದಾನಿಗೆ ರಿಯಾಯಿತಿ ಇಲ್ಲ. ನಮ್ಮಲ್ಲಿ ಆ ಎರಡನೇ ಬಾಗಿಲೇ ಇಲ್ಲ. ಆ ಸಾಲುಗಳನ್ನು ಎತ್ತಿ ನಿಮ್ಮ ಡೀಡಿಗೆ ಅಂಟಿಸಿದರೆ, ನೀವೇ ‘ಸ್ವಲ್ಪ ರಾಜಕೀಯ ಮಾಡುತ್ತೇವೆ’ ಎಂದು ಬರೆದುಕೊಟ್ಟ ಹಾಗೆ.

ಹಂತ 2: ಉದ್ದೇಶಗಳ ಪುಟ ಓದಿ, ಪೆನ್ನು ಹಿಡಿದುಕೊಂಡು

‘ಟ್ರಸ್ಟ್ ರಾಜಕೀಯ ಮಾಡಬಾರದು’ ಎಂಬ ನೇರ ಸಾಲು ಆದಾಯ ತೆರಿಗೆ ಕಾಯಿದೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದಕ್ಕೇ ಜನ ಗೊಂದಲಕ್ಕೆ ಬೀಳುವುದು. ಕಾನೂನು ಹಿಡಿಯುವುದು ಬೇರೆ ದಾರಿಯಲ್ಲಿ. ಸೆಕ್ಷನ್ 2(15) ದತ್ತಿ ಉದ್ದೇಶಗಳನ್ನು ಹೆಸರಿಸುತ್ತದೆ: ಬಡವರ ನೆರವು, ಶಿಕ್ಷಣ, ಯೋಗ, ವೈದ್ಯಕೀಯ ನೆರವು, ಪರಿಸರ ರಕ್ಷಣೆ, ಸ್ಮಾರಕ ರಕ್ಷಣೆ, ಕೊನೆಗೆ ‘ಸಾರ್ವಜನಿಕ ಉಪಯೋಗದ ಇತರ ಉದ್ದೇಶ’. ಪಕ್ಷವನ್ನು ಗೆಲ್ಲಿಸುವುದು ಇದರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಉದ್ದೇಶ ಬಿಟ್ಟು ಹಣ ಖರ್ಚಾದರೆ ವಿನಾಯಿತಿ ಹೋಗುತ್ತದೆ. ಅಷ್ಟೇ.

ಹಾಗಾದರೆ ಕಾನೂನು ಬದಲಿಸಿ ಎಂದು ಸರ್ಕಾರವನ್ನು ಕೇಳಬಹುದಾ? ಕೇಳಬಹುದು. 1965ರಲ್ಲಿ ಆಂಧ್ರ ಚೇಂಬರ್ ಆಫ್ ಕಾಮರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ನೋಡಿತು. ಆ ಸಂಸ್ಥೆಯ ಉದ್ದೇಶಗಳಲ್ಲಿ ವ್ಯಾಪಾರಕ್ಕೆ ಸಂಬಂಧಿಸಿದ ಶಾಸನಗಳನ್ನು ಬೆಂಬಲಿಸುವ, ವಿರೋಧಿಸುವ ಮಾತಿತ್ತು. ಮುಖ್ಯ ಉದ್ದೇಶ ಸಾರ್ವಜನಿಕ ಉಪಯೋಗದ್ದಾಗಿದ್ದು, ಅದನ್ನು ಸಾಧಿಸಲು ಪೂರಕವಾಗಿ ಹೀಗೆ ಮಾಡಿದರೆ ದತ್ತಿ ಸ್ವರೂಪ ಕೆಡುವುದಿಲ್ಲ ಎಂದಿತು ಕೋರ್ಟ್. ‘ಪೂರಕ’ ಎಂಬ ಪದಕ್ಕೆ ಅಡಿಗೆರೆ ಎಳೆದುಕೊಳ್ಳಿ.

ಈಗ ನಿಮ್ಮ ಡೀಡ್ ನೋಡಿ. ‘ಭದ್ರಾ ನಾಲೆಯ ಕೊನೆ ಭಾಗದ ರೈತರ ಕಲ್ಯಾಣ’ ಎಂದಿದ್ದು, ಅದಕ್ಕಾಗಿ ನೀರಾವರಿ ಇಲಾಖೆಗೆ ಮನವಿ ಕೊಟ್ಟರೆ ಸಂಬಂಧ ಸ್ಪಷ್ಟ. ‘ಅನಾಥ ಮಕ್ಕಳ ಶಿಕ್ಷಣ’ ಎಂದಷ್ಟೇ ಇದ್ದು ನೀವು ರೈಲ್ವೆ ಮಾರ್ಗಕ್ಕೆ ಹೋರಾಡುತ್ತಿದ್ದರೆ? ಹೋರಾಟ ಒಳ್ಳೆಯದೇ. ಖರ್ಚು ಮಾತ್ರ ಉದ್ದೇಶದ ಹೊರಗೆ.

ಉದ್ದೇಶ ತಿದ್ದುವುದಾದರೆ ಎಚ್ಚರ. ಸುಮ್ನೆ ಠರಾವು ಮಾಡಿ, ತಿದ್ದುಪಡಿ ನೋಂದಾಯಿಸಿ ಮನೆಗೆ ಹೋಗುತ್ತಾರೆ. ಉದ್ದೇಶ ಬದಲಾಗಿ ನೋಂದಣಿಯ ಷರತ್ತಿಗೆ ಹೊಂದದಂತಾದರೆ 30 ದಿನದೊಳಗೆ ಫಾರಂ 10ಎಬಿಯಲ್ಲಿ ಹೊಸದಾಗಿ ಅರ್ಜಿ ಹಾಕಬೇಕು. ನಾನು ನೋಡಿದವರಲ್ಲಿ ಹೆಚ್ಚಿನವರು ಎಡವಿದ್ದು ಇಲ್ಲೇ.

ಹಂತ 3: ಪ್ರತಿ ಕೆಲಸವನ್ನೂ ಮೂರು ಬುಟ್ಟಿಗೆ ಹಾಕಿ

ಒಂದು ಕಾರ್ಯಕ್ರಮ ಯೋಚಿಸಿದ ಕೂಡಲೇ ಮೂರು ಪ್ರಶ್ನೆ ಕೇಳಿ. ಇದರಲ್ಲಿ ಯಾರದಾದರೂ ಹೆಸರು, ಫೋಟೋ, ಚಿಹ್ನೆ ಇದೆಯಾ? ನಾಳೆ ಚುನಾವಣೆಯೇ ಇಲ್ಲ ಎಂದಾದರೂ ಇದನ್ನು ಮಾಡುತ್ತಿದ್ದಿರಾ? ಎದುರು ಪಕ್ಷದವರು ಬಂದು ಕೂತರೂ ಇದೇ ಮಾತು ಆಡುತ್ತೀರಾ?

ಹಸಿರು ಬುಟ್ಟಿ: ಜಿಲ್ಲಾಧಿಕಾರಿಗೆ ಮನವಿ, ಮಾಹಿತಿ ಹಕ್ಕು ಅರ್ಜಿ, ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ, ಗ್ರಾಮಸಭೆಯಲ್ಲಿ ಪ್ರಶ್ನೆ, ಶಾಸಕರನ್ನು, ಸಂಸದರನ್ನು ಕಂಡು ಬೇಡಿಕೆ ಇಡುವುದು. 2023ರ ಕೇಂದ್ರ ಬಜೆಟ್ಟಿನಲ್ಲಿ ಭದ್ರಾ ಮೇಲ್ದಂಡೆಗೆ 5,300 ಕೋಟಿ ರೂಪಾಯಿ ಘೋಷಿಸಿದ್ದರು. ‘ಆ ಹಣ ಎಲ್ಲಿ?’ ಎಂದು ಚಿತ್ರದುರ್ಗದ ಒಂದು ರೈತ ಟ್ರಸ್ಟ್ ಕರಪತ್ರ ಹಾಕಿದರೆ ಅದು ವಿಷಯದ ಪ್ರಶ್ನೆ. ಕೇಳಿ. ಮತದಾನ ಮಾಡಿ ಎಂದು ಜಾಗೃತಿ ಮಾಡುವುದೂ ಹಸಿರೇ, ಯಾರಿಗೆ ಎಂದು ಹೇಳದವರೆಗೆ.

ಕೆಂಪು ಬುಟ್ಟಿ: ‘ಹಣ ತರದ ಇಂಥವರನ್ನು ಸೋಲಿಸಿ’ ಎಂಬ ಒಂದೇ ಸಾಲು ಅದೇ ಕರಪತ್ರದ ಕೆಳಗೆ ಸೇರಿದರೆ ಬುಟ್ಟಿ ಬದಲಾಯಿತು. ಪಕ್ಷಕ್ಕೆ ದೇಣಿಗೆ, ಟ್ರಸ್ಟಿನ ಆಂಬುಲೆನ್ಸಿಗೆ ಬಾವುಟ, ಟ್ರಸ್ಟ್ ಶಾಲೆಯ ಬಸ್ಸು ಸಮಾವೇಶಕ್ಕೆ ಪುಕ್ಕಟೆ, ಸ್ವಸಹಾಯ ಸಂಘದ ಸದಸ್ಯೆಯರ ಫೋನ್ ನಂಬರ್ ಪಟ್ಟಿ ಅಭ್ಯರ್ಥಿಯ ಕಡೆಯವರಿಗೆ. ದುಡ್ಡು ಕೈ ಬದಲಾಗದಿದ್ದರೂ ಸಂಸ್ಥೆಯ ಆಸ್ತಿ ಬಳಕೆಯಾಯಿತು, ಅಲ್ವಾ?

ಹಳದಿ ಬುಟ್ಟಿಯೇ ಕಷ್ಟದ್ದು. ನಾಲ್ಕು ಸಂದರ್ಭ ಹೇಳುತ್ತೇನೆ.

ಜಾತ್ರೆ ಫ್ಲೆಕ್ಸ್. ದುಗ್ಗಮ್ಮನ ಜಾತ್ರೆಗೆ ಶುಭ ಕೋರುವ ಫ್ಲೆಕ್ಸಿನಲ್ಲಿ ಟ್ರಸ್ಟಿನ ಹೆಸರು, ಪಕ್ಕದಲ್ಲಿ ‘ಟಿಕೆಟ್ ಆಕಾಂಕ್ಷಿ’ಯ ಆಳೆತ್ತರದ ಫೋಟೋ. ದುಡ್ಡು ಅವರೇ ಕೊಟ್ಟರು ಎನ್ನುತ್ತೀರಿ. ಸರಿ, ಆದರೆ ನಿಮ್ಮ ಹೆಸರು ಯಾಕೆ ಅಲ್ಲಿ? ನನ್ನ ಮಟ್ಟಿಗೆ ಇದು ಕೆಂಪೇ. ಹೆಸರು ತೆಗೆಸಿ.

ಅಭ್ಯರ್ಥಿಗಳ ಮುಖಾಮುಖಿ. ಕಣದಲ್ಲಿರುವ ಎಲ್ಲರನ್ನೂ ಲಿಖಿತವಾಗಿ ಕರೆದು, ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಸಮಯ ಕೊಟ್ಟರೆ ಹಸಿರಿಗೆ ಹತ್ತಿರ. ಬಾರದವರನ್ನು ಕರೆದ ಪತ್ರದ ಪ್ರತಿಯನ್ನೂ ಇಟ್ಟುಕೊಳ್ಳಿ. ಇಬ್ಬರನ್ನೇ ಕರೆದು ‘ಉಳಿದವರು ಡಮ್ಮಿ ಬಿಡಿ’ ಎಂದರೆ ಕೆಂಪು. ಕಾರ್ಯಕ್ರಮ ಮುಗಿದ ಮೇಲೆ ‘ನಮ್ಮ ಆಯ್ಕೆ’ ಎಂದು ಪ್ರಕಟಿಸಿದರೂ ಕೆಂಪು.

ಹಾಲ್ ಬಾಡಿಗೆ. ಸಮುದಾಯ ಭವನವನ್ನು ಎಲ್ಲ ಪಕ್ಷದವರಿಗೂ ಒಂದೇ ದರದಲ್ಲಿ, ರಸೀದಿ ಹಾಕಿ ಕೊಡುವುದು ವ್ಯವಹಾರ. ಪುಕ್ಕಟೆ ಕೊಡುವುದು ಪಕ್ಷಪಾತ. ಇಲ್ಲಿ ಎರಡು ಕೊಕ್ಕೆ ಇವೆ. ‘ಸಾರ್ವಜನಿಕ ಉಪಯೋಗದ ಇತರ ಉದ್ದೇಶ’ದ ಸಂಸ್ಥೆಗಳಿಗೆ ವ್ಯಾಪಾರದ ಸ್ವರೂಪದ ಆದಾಯ ಒಟ್ಟು ಸ್ವೀಕೃತಿಯ 20% ದಾಟುವಂತಿಲ್ಲ. ಭವನ ದೇವಸ್ಥಾನದ್ದೋ ಮಠದ್ದೋ ಆಗಿದ್ದರೆ ಬಾಡಿಗೆ ಮಾತೇ ಬೇಡ. ಧಾರ್ಮಿಕ ಸಂಸ್ಥೆಗಳ ದುರ್ಬಳಕೆ ತಡೆಯುವ 1988ರ ಕಾಯಿದೆ ಆವರಣವನ್ನೂ ಹಣವನ್ನೂ ರಾಜಕೀಯ ಚಟುವಟಿಕೆಗೆ ಬಳಸುವುದನ್ನು ನಿಷೇಧಿಸುತ್ತದೆ.

ಗ್ರಾಮ ಪಂಚಾಯಿತಿ ಚುನಾವಣೆ. ‘ಅಲ್ಲಿ ಪಕ್ಷದ ಚಿಹ್ನೆಯೇ ಇಲ್ಲ, ಹಾಗಾಗಿ ರಾಜಕೀಯ ಅಲ್ಲ’ ಎಂಬ ವಾದ ಚನ್ನಗಿರಿ ಕಡೆಯಿಂದ ಚಳ್ಳಕೆರೆವರೆಗೂ ಕೇಳಿದ್ದೇನೆ. ಚಿಹ್ನೆ ಇಲ್ಲದಿದ್ದರೇನು, ಅಭ್ಯರ್ಥಿ ಇದ್ದಾನಲ್ಲ. ಒಬ್ಬನ ಪರ ನಿಂತು ಟ್ರಸ್ಟಿನ ಹಣ ಖರ್ಚು ಮಾಡಿದರೆ ಅದು ನಿಮ್ಮ ಉದ್ದೇಶವೇ ಅಲ್ಲ.

ಹಂತ 4: ಹಣದ ದಾರಿ ಬೇರೆ ಮಾಡಿ

ಸಂಸ್ಥೆ ಸಿಕ್ಕಿಹಾಕಿಕೊಳ್ಳುವುದು ಭಾಷಣದಿಂದಲ್ಲ, ವೋಚರಿನಿಂದ. ಹಾಗಾಗಿ ಮನವಿ, ಧರಣಿ, ಜಾಗೃತಿ ಖರ್ಚುಗಳಿಗೆ ಲೆಕ್ಕದಲ್ಲಿ ಪ್ರತ್ಯೇಕ ಶೀರ್ಷಿಕೆ ತೆರೆಯಿರಿ. ಪ್ರತಿ ವೋಚರಿಗೂ ಮೂರು ವಿಷಯ ಬೇಕು: ಯಾವ ಉದ್ದೇಶದ ಕಲಂ, ಯಾವ ಠರಾವು, ಸ್ಥಳದ ಫೋಟೋ. ‘ಇತರೆ ಖರ್ಚು’ ಎಂದು ಬರೆದ 30,000 ರೂಪಾಯಿ ನೋಡಿದರೆ ನನಗೇ ಅನುಮಾನ ಬರುತ್ತದೆ. ಅಧಿಕಾರಿಗೆ ಬರದಿರುತ್ತದೆಯೇ?

ನನ್ನದೇ ಒಂದು ತಪ್ಪು ಹೇಳುತ್ತೇನೆ. ಒಂದು ಸಂಘದ ಪ್ರಿಂಟಿಂಗ್ ಬಿಲ್ಲನ್ನು ಬಿಲ್ ಮಾತ್ರ ನೋಡಿ ‘ಜಾಗೃತಿ’ಗೆ ಹಾಕಿದ್ದೆ. ಕರಪತ್ರದ ಮಾದರಿ ಕೇಳಿರಲಿಲ್ಲ. ವಿಚಾರಣೆಯಲ್ಲಿ ಮಾದರಿ ಕೇಳಿದರು. ಹಿಂಬದಿಯಲ್ಲಿ ಅಭ್ಯರ್ಥಿಯ ಕ್ರಮಸಂಖ್ಯೆ ಇತ್ತು. ಅಂದಿನಿಂದ ಮಾದರಿ ಇಲ್ಲದೆ ಬಿಲ್ ಮುಟ್ಟುವುದಿಲ್ಲ.

ದಾನಿಗಳ ಕಡೆಯಿಂದಲೂ ಒತ್ತಡ ಬರುತ್ತದೆ. ‘ನಿಮಗೆ ಕೊಡುತ್ತೇನೆ, ನೀವು ಅವರ ಪೆಂಡಾಲಿಗೆ ಕೊಡಿ, ನನಗೆ 80ಜಿ ರಸೀದಿ ಹಾಕಿ’ ಎನ್ನುತ್ತಾರೆ. ಒಪ್ಪಬೇಡಿ. ಪಕ್ಷಕ್ಕೆ ಕೊಡಬೇಕೆಂದರೆ ಅವರಿಗೆ ನೇರ ದಾರಿ ಇದೆ. ನೋಂದಾಯಿತ ಪಕ್ಷಕ್ಕೆ ಅಥವಾ ಎಲೆಕ್ಟೋರಲ್ ಟ್ರಸ್ಟಿಗೆ ನಗದಲ್ಲದ ರೂಪದಲ್ಲಿ ಕೊಟ್ಟರೆ ಕಂಪನಿಗೆ 80ಜಿಜಿಬಿ, ವ್ಯಕ್ತಿಗೆ 80ಜಿಜಿಸಿ ಅಡಿ ಕಡಿತ ಸಿಗುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿರುವ ವ್ಯಕ್ತಿಗೆ ಅದಿಲ್ಲ. ಎಲೆಕ್ಟೋರಲ್ ಟ್ರಸ್ಟ್ ಎಂದರೆ ದೇಣಿಗೆ ಪಡೆದು ಪಕ್ಷಗಳಿಗೆ ಹಂಚಲು 2013ರ ಯೋಜನೆಯಡಿ ಅನುಮೋದನೆ ಪಡೆದ ಕಂಪನಿ. ಹೆಸರಲ್ಲಿ ಟ್ರಸ್ಟ್ ಇದೆ ಎಂದು ನಿಮ್ಮ ದತ್ತಿ ಟ್ರಸ್ಟ್ ಅದಾಗುವುದಿಲ್ಲ. ಈ ಎರಡನ್ನೂ ಒಂದೇ ಎಂದುಕೊಂಡವರು ಕಡಿಮೆ ಇಲ್ಲ.

2,000 ರೂಪಾಯಿ ಮೀರಿದ ನಗದು ದಾನಕ್ಕೆ 80ಜಿ ರಿಯಾಯಿತಿ ಇಲ್ಲ ಎಂಬುದು ಗೊತ್ತಿರಲಿ. ಹೆಸರು, ವಿಳಾಸ ಇಲ್ಲದ ದಾನ ಒಂದು ಲಕ್ಷ ರೂಪಾಯಿ ಅಥವಾ ಒಟ್ಟು ದಾನದ 5%, ಎರಡರಲ್ಲಿ ಯಾವುದು ಜಾಸ್ತಿಯೋ ಅದನ್ನು ಮೀರಿದರೆ, ಮೀರಿದ ಭಾಗಕ್ಕೆ 30% ತೆರಿಗೆ. ಚುನಾವಣೆ ತಿಂಗಳಲ್ಲಿ ಹುಂಡಿ ಇದ್ದಕ್ಕಿದ್ದಂತೆ ತುಂಬಿದರೆ ಖುಷಿಪಡುವ ಮೊದಲು ಯಾಕೆಂದು ಕೇಳಿ.

ಹಂತ 5: ಪದಾಧಿಕಾರಿ ಚುನಾವಣೆಗೆ ನಿಂತರೆ

ನಿಲ್ಲಲಿ, ಅದು ಅವರ ಹಕ್ಕು. ಆದರೆ ನಾಮಪತ್ರಕ್ಕೆ ಮೊದಲೇ ಒಂದು ಸಭೆ ಕರೆಯಿರಿ. ಅವರು ಹುದ್ದೆಯಿಂದ ರಜೆ ಪಡೆಯುತ್ತಾರೆ ಅಥವಾ ರಾಜೀನಾಮೆ ಕೊಡುತ್ತಾರೆ, ಬ್ಯಾಂಕ್ ಸಹಿ ಅಧಿಕಾರ ಬೇರೆಯವರಿಗೆ, ಸಂಸ್ಥೆಯ ವಾಹನ, ಕಚೇರಿ, ಸಿಬ್ಬಂದಿ ಪ್ರಚಾರಕ್ಕಿಲ್ಲ: ಇಷ್ಟನ್ನು ಠರಾವು ಪುಸ್ತಕದಲ್ಲಿ ಬರೆಯಿರಿ. ಕಾನೂನು ರಜೆಯನ್ನು ಕಡ್ಡಾಯ ಮಾಡಿಲ್ಲ. ಆದರೆ ಈ ಒಂದು ಪುಟ ಮುಂದೆ ನಿಮ್ಮನ್ನು ಕಾಯುತ್ತದೆ.

ಹೀಗೆ ಹೇಳಲು ಕಾರಣ ಇದೆ. ಟ್ರಸ್ಟ್ ನಡೆಸುವ ಪದಾಧಿಕಾರಿಗೇ ಲಾಭವಾಗುವಂತೆ ಟ್ರಸ್ಟಿನ ಹಣ ಖರ್ಚಾದರೆ ಅದು ಸೆಕ್ಷನ್ 13(1)(ಸಿ) ಉಲ್ಲಂಘನೆ. ಆ ಮೊತ್ತಕ್ಕೆ 115ಬಿಬಿಐ ಅಡಿ 30% ತೆರಿಗೆ. ಅದರ ಮೇಲೆ 271ಎಎಇ ಅಡಿ ದಂಡ: ಮೊದಲ ಬಾರಿ ಆ ಮೊತ್ತದಷ್ಟೇ, ಮುಂದೆ ಮತ್ತೆ ಮಾಡಿದರೆ ದುಪ್ಪಟ್ಟು. ಬೇರೆ ಅಭ್ಯರ್ಥಿಗೆ ಖರ್ಚು ಮಾಡುವುದಕ್ಕಿಂತ ಸ್ವಂತ ಅಧ್ಯಕ್ಷರಿಗೆ ಮಾಡುವುದು ದುಬಾರಿ.

ಹಂತ 6: ದಿನಾಂಕ ಘೋಷಣೆಯಾದ ದಿನದಿಂದ

ಇಲ್ಲಿ ತೆರಿಗೆ ಕಾನೂನಿನ ಜೊತೆ ಚುನಾವಣಾ ಕಾನೂನೂ ಸೇರುತ್ತದೆ. ಅಭ್ಯರ್ಥಿಯ ಲಿಖಿತ ಅನುಮತಿ ಇಲ್ಲದೆ ಅವರ ಪ್ರಚಾರಕ್ಕೆ ಖರ್ಚು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 176ರ ಅಡಿ ಅಪರಾಧ. ದಂಡ 10,000 ರೂಪಾಯಿವರೆಗೆ. ಅನುಮತಿ ಪಡೆದು ಮಾಡಿದರೆ? ಆಗ ಅದು ಅಭ್ಯರ್ಥಿಯ ಖರ್ಚಿನ ಲೆಕ್ಕಕ್ಕೆ ಹೋಗುತ್ತದೆ. ನಿಮ್ಮ ಟ್ರಸ್ಟ್ ಪ್ರಚಾರ ಮಾಡಿತು ಎಂಬುದಕ್ಕೆ ಸಹಿ ಹಾಕಿದ ಸಾಕ್ಷಿ ಸಿಕ್ಕ ಹಾಗಾಯಿತು. ಎರಡೂ ಕಡೆ ಗುಂಡಿ.

ಚುನಾವಣೆಗೆ ಸಂಬಂಧಿಸಿದ ಯಾವುದೇ ಕರಪತ್ರದಲ್ಲಿ ಮುದ್ರಕರ, ಪ್ರಕಾಶಕರ ಹೆಸರು, ವಿಳಾಸ ಇರಬೇಕು. ಇದು ಪ್ರಜಾಪ್ರತಿನಿಧಿ ಕಾಯಿದೆಯ 127ಎ. ಹಳೆಯ ಸ್ಟಾಕ್ ಹಂಚುವ ಮೊದಲು ತಿರುಗಿಸಿ ನೋಡಿ. ಎರಡು ತಿಂಗಳ ಹಿಂದೆ ನಿರುಪದ್ರವಿಯಾಗಿದ್ದ ಫೋಟೋದಲ್ಲಿರುವವರು ಈಗ ಅಭ್ಯರ್ಥಿಯಾಗಿರಬಹುದು. ಸಂಸ್ಥೆಯ ವಾಟ್ಸ್‌ಆ್ಯಪ್ ಗುಂಪುಗಳನ್ನು ‘ಅಡ್ಮಿನ್ ಮಾತ್ರ’ ಮಾಡಿ. ಇದಕ್ಕೆ ಐದು ನಿಮಿಷ ಸಾಕು. ತಲೆನೋವು ಮಾತ್ರ ಐದು ವರ್ಷದ್ದು ತಪ್ಪುತ್ತದೆ.

ಹಂತ 7: ವಿದೇಶಿ ಮತ್ತು ಸಿಎಸ್‌ಆರ್ ಹಣ ಇದ್ದರೆ

2010ರ ಎಫ್‌ಸಿಆರ್‌ಎ ಸೆಕ್ಷನ್ 3 ಪಕ್ಷಗಳು, ಅಭ್ಯರ್ಥಿಗಳು, ಶಾಸಕರು ಮತ್ತು ‘ರಾಜಕೀಯ ಸ್ವರೂಪದ ಸಂಘಟನೆ’ಗಳು ವಿದೇಶಿ ದೇಣಿಗೆ ಪಡೆಯುವುದನ್ನು ತಡೆಯುತ್ತದೆ. ಬಂದ್, ರಸ್ತೆ ತಡೆ ಮಾಡಿದ ಮಾತ್ರಕ್ಕೆ ರಾಜಕೀಯ ಸಂಘಟನೆ ಆಗುತ್ತೇವೆಯೇ? 2020ರ ಮಾರ್ಚಿನಲ್ಲಿ ಇನ್ಸಾಫ್ (ಇಂಡಿಯನ್ ಸೋಷಿಯಲ್ ಆಕ್ಷನ್ ಫೋರಂ) ಎಂಬ ಸಂಘಟನೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಲ್ಲ ಎಂದಿತು. ಸಕ್ರಿಯ ರಾಜಕಾರಣಕ್ಕೆ, ಪಕ್ಷ ರಾಜಕಾರಣಕ್ಕೆ ಸಂಬಂಧ ಇದ್ದರೆ ಮಾತ್ರ ಆ ನಿಯಮ ತಟ್ಟುತ್ತದೆ. ಆದರೂ ನನ್ನ ಸಲಹೆ ಒಂದೇ. ಧರಣಿಯ ಶಾಮಿಯಾನಕ್ಕೆ ವಿದೇಶಿ ಖಾತೆಯಿಂದ ಒಂದು ರೂಪಾಯಿಯೂ ಬೇಡ. ತೀರ್ಪು ನಿಮ್ಮ ಪರ ಇದ್ದರೂ ಅದನ್ನು ಹಿಡಿದು ದೆಹಲಿಗೆ ಅಲೆಯುವ ಶಕ್ತಿ ಸಣ್ಣ ಸಂಸ್ಥೆಗೆ ಎಲ್ಲಿಂದ ಬರಬೇಕು?

ಪಕ್ಷಕ್ಕೆ ನೇರವಾಗಿಯೋ ಸುತ್ತುಬಳಸಿಯೋ ಹೋದ ಹಣ ಸಿಎಸ್‌ಆರ್ ಎಂದು ಎಣಿಕೆಯಾಗುವುದಿಲ್ಲ. ಕಂಪನಿ ನಿಮ್ಮಿಂದ ಬಳಕೆ ಪ್ರಮಾಣಪತ್ರ ಕೇಳುತ್ತದೆ. ಸುಳ್ಳು ಬರೆದರೆ ಮುಂದಿನ ವರ್ಷ ಆ ಬಾಗಿಲು ಮುಚ್ಚಿತು.

ಹಂತ 8: ವರ್ಷದ ಕೊನೆಯ ಕಾಗದಪತ್ರ

ಆದಾಯದ 85% ಉದ್ದೇಶಕ್ಕೇ ಖರ್ಚಾಗಬೇಕು. ಕೆಂಪು ಬುಟ್ಟಿಯ ಖರ್ಚನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಆಡಿಟ್ ವರದಿ ಸೆಪ್ಟೆಂಬರ್ 30ಕ್ಕೆ, ಆದಾಯ ತೆರಿಗೆ ರಿಟರ್ನ್ (ಐಟಿಆರ್-7) ಅಕ್ಟೋಬರ್ 31ಕ್ಕೆ, ದಾನಿಗಳ ಪಟ್ಟಿಯ ಫಾರಂ 10ಬಿಡಿ ಮೇ 31ಕ್ಕೆ. ಕೊನೆಯದು ತಡವಾದರೆ ದಿನಕ್ಕೆ 200 ರೂಪಾಯಿ. ಲೆಕ್ಕಪತ್ರ ಹತ್ತು ವರ್ಷ ಜೋಪಾನ ಮಾಡಬೇಕು. ಫೋಟೋ, ಕರಪತ್ರದ ಮಾದರಿಗಳನ್ನೂ ಅದೇ ಕಟ್ಟಿಗೆ ಸೇರಿಸಿ. 12ಎಬಿ ಐದು ವರ್ಷದ್ದಾದರೆ ಮುಗಿಯುವ ಆರು ತಿಂಗಳ ಮೊದಲೇ ನವೀಕರಣಕ್ಕೆ ಅರ್ಜಿ ಹೋಗಬೇಕು. ಹಳೆಯ ಚುನಾವಣೆ ವೋಚರುಗಳು ಹೊರಬರುವುದು ಆ ಪರಿಶೀಲನೆಯಲ್ಲೇ.

ಹಂತ 9: ಎಚ್ಚರಿಕೆಯ ಗುರುತುಗಳು, ನೋಟಿಸ್ ಬಂದರೆ ಏನು

ಇವು ಕಂಡರೆ ಅಂದೇ ನಿಲ್ಲಿಸಿ: ಒಂದೇ ದಾನಿಯಿಂದ ಬಂದ ಹಣ ಅದೇ ವಾರ ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗುವುದು. ಸಭೆ ನಡೆಯದೆ ಠರಾವು ಬರೆಯಲು ಯಾರಾದರೂ ಪುಸ್ತಕ ಕೇಳುವುದು. ‘ಬಿಲ್ಲಿನಲ್ಲಿ ದಿನಾಂಕ ಹಾಕಬೇಡಿ’ ಎಂಬ ಮಾತು.

ನೋಟಿಸ್ ಬಂದರೆ ಮೊದಲು ಅದು ಯಾರಿಂದ ಎಂದು ನೋಡಿ. ವರ್ಷದ ಲೆಕ್ಕ ಪರಿಶೀಲನೆಯದಾದರೆ ಆ ಖರ್ಚನ್ನಷ್ಟೇ ತಿರಸ್ಕರಿಸಿ ತೆರಿಗೆ ಹಾಕಬಹುದು. ಬೆಂಗಳೂರಿನ ವಿನಾಯಿತಿ ಕಮಿಷನರ್ ಕಚೇರಿಯಿಂದ 12ಎಬಿ(4) ಅಡಿ ಬಂದಿದ್ದರೆ ನೋಂದಣಿಯೇ ರದ್ದಾಗುವ ವಿಷಯ. ಉದ್ದೇಶ ಬಿಟ್ಟು ಹಣ ಬಳಸಿದ್ದು ಆ ಸೆಕ್ಷನ್ನಿನ ‘ನಿರ್ದಿಷ್ಟ ಉಲ್ಲಂಘನೆ’ಗಳಲ್ಲಿ ಒಂದು. ರದ್ದಾದರೆ 115ಟಿಡಿ ಬರುತ್ತದೆ: ಸಾಲ ಕಳೆದು ಉಳಿದ ಆಸ್ತಿಯ ಇಂದಿನ ಮಾರುಕಟ್ಟೆ ಬೆಲೆಗೆ ಗರಿಷ್ಠ ದರದ ತೆರಿಗೆ. ಪಿ.ಬಿ. ರಸ್ತೆಯ ಹತ್ತಿರ ಮೂವತ್ತು ವರ್ಷದ ಹಿಂದೆ ಕೆಲವೇ ಸಾವಿರಕ್ಕೆ ಕೊಂಡ ಶಾಲೆ ಜಾಗ ಈಗ ಎಷ್ಟಕ್ಕೆ ಹೋಗುತ್ತದೆ, ನೀವೇ ಲೆಕ್ಕ ಹಾಕಿ. ಒಂದು ಪೆಂಡಾಲಿಗೆ ಅಷ್ಟು ಬೆಲೆ.

ಉತ್ತರ ಬರೆಯುವಾಗ ಸುಳ್ಳು ಕಟ್ಟಬೇಡಿ, ಹಿಂದಿನ ದಿನಾಂಕದ ಠರಾವು ಸೃಷ್ಟಿಸಬೇಡಿ. ಖರ್ಚು ತಪ್ಪಾಗಿದ್ದರೆ ಮಾಡಿದವರಿಂದ ಆ ಮೊತ್ತ ವಾಪಸ್ ಕಟ್ಟಿಸಿ, ಬ್ಯಾಂಕ್ ದಾಖಲೆ ಸಹಿತ ತೋರಿಸಿ. ವಿನಾಯಿತಿ ಪ್ರಕರಣ ನಡೆಸಿ ಗೊತ್ತಿರುವ ಚಾರ್ಟರ್ಡ್ ಅಕೌಂಟೆಂಟನ್ನು ಉತ್ತರ ಕಳಿಸುವ ಮೊದಲೇ ನೋಡಿ, ಕಳಿಸಿದ ಮೇಲಲ್ಲ. ರದ್ದತಿ ಆದೇಶ ಬಂದೇಬಿಟ್ಟರೆ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಕಾಲಮಿತಿ ಇದೆ, ಆದೇಶದ ಲಕೋಟೆಯ ಮೇಲೆ ಕೈಗೆ ಬಂದ ದಿನ ಬರೆದಿಡಿ. ಪೋರ್ಟಲ್ಲಿನಲ್ಲಿ ಬಂದಿದ್ದರೆ ಆ ಪುಟದ ಪ್ರಿಂಟ್ ತೆಗೆದು ಅದೇ ಫೈಲಿಗೆ ಸೇರಿಸಿ.